ಹಳದಿ ಗೆರೆಯ ಒಳಗೆ

ಕಲ್ಲುಗಣಿಗಳಿಗೆ ಸಿಡಿಮದ್ದು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ಮದ್ದನ್ನು ಕೈಯಿಂದ ಮುಟ್ಟದೆ, ಅದರ ಅಣುಗಳನ್ನು ಕಂಪ್ಯೂಟರಿನೊಳಗೆ ಜೋಡಿಸಿ, ಎಷ್ಟು ಜೋರಿನ ಪೆಟ್ಟು ಬಿದ್ದರೆ ಅದು ಸಿಡಿದೀತು ಎಂದು ಹೇಳುವುದು ಅವಳ ಕೆಲಸ. ಅವಳ ಒಡಹುಟ್ಟಿದ ಅಣ್ಣ ಅಲ್ಲೇ ಮಿಶ್ರಣದ ಕೋಣೆಯ ಮೇಸ್ತ್ರಿ. ತಂಗಿ ಪರದೆಯ ಮೇಲೆ ಅಡುಗೆ ಮಾಡಿ ಪರದೆಗೇ ಬಡಿಸುತ್ತಾಳೆ ಎಂದು ಆಡಿಕೊಳ್ಳುತ್ತಿದ್ದ.

ಆ ವರ್ಷ ಹೊಸ ಮದ್ದೊಂದು ಬಂತು. ಹಳೆಯದಕ್ಕಿಂತ ಜೋರಾಗಿದೆ ಎಂದು ಮುಖ್ಯಸ್ಥರು ಹಿಗ್ಗಿದ್ದರು. ಲೆಕ್ಕದಕ್ಕ ಹನ್ನೊಂದು ದಿನ ಕಂಪ್ಯೂಟರ್ ಓಡಿಸಿದಳು. ಹಳೆಯದು ತಡೆಯುವ ಪೆಟ್ಟಿನ ಕಾಲು ಭಾಗಕ್ಕೇ ಇದು ಸಿಡಿದೀತು ಎಂದು ಉತ್ತರ ಬಂತು. ಚಿಟಿಕೆ ಮದ್ದಿನ ಮೇಲೆ ತೂಕದ ಗುಂಡು ಬೀಳಿಸಿ ನೋಡುವ ಪರೀಕ್ಷೆ ಮೊದಲು ಆಗಲಿ ಎಂದು ಬರೆದುಕೊಟ್ಟಳು. ಆ ಪರೀಕ್ಷೆಯ ಯಂತ್ರ ರಿಪೇರಿಗೆ ಹೋಗಿದೆ, ಬರಲು ಎರಡು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಕೈಕಟ್ಟಿ ಕೂರಲಾಗದು ಎಂದರು ಮುಖ್ಯಸ್ಥರು. ಮಿಶ್ರಣಕ್ಕೆ ಒಪ್ಪಿಗೆ ಕೊಡುವ ಕಾಗದಕ್ಕೆ ಅವಳು ಸಹಿ ಹಾಕಲಿಲ್ಲ. ಅವರು ಇನ್ನೊಬ್ಬರ ಕೈಲಿ ಹಾಕಿಸಿದರು.

ಸೋಮವಾರ ಬೆಳಿಗ್ಗೆ ಮಿಶ್ರಣ ಶುರುವಾಗಬೇಕಿತ್ತು. ಲೆಕ್ಕದಕ್ಕ ಸ್ಟೂಲೊಂದನ್ನು ಎತ್ತಿಕೊಂಡು ಹೋಗಿ, ಕೋಣೆಯ ಮುಂದಿನ ಹಳದಿ ಗೆರೆ ದಾಟಿ ಕೂತುಬಿಟ್ಟಳು. ಗೆರೆಯೊಳಗೆ ಹೊರಗಿನವರು ಒಬ್ಬರಿದ್ದರೂ ಮಿಶ್ರಣದ ಯಂತ್ರ ಚಾಲೂ ಮಾಡುವಂತಿಲ್ಲ. ಅದು ಕಾರ್ಖಾನೆಯದೇ ನಿಯಮ.

ಅಣ್ಣನಿಗೆ ತಲೆ ಎತ್ತಲಾಗದಂತಾಯಿತು. ಹತ್ತಿರ ಬಂದು ಹಲ್ಲು ಕಚ್ಚಿಕೊಂಡು ಹೇಳಿದ: "ಏಳೇ. ಇಷ್ಟು ಜನರ ಮುಂದೆ ನನ್ನ ಮಾನ ಯಾಕೆ ಕಳೀತೀಯ?"

"ಮಾನ ಆಮೇಲೆ ನೋಡ್ಕೊಳ್ಳೋಣ. ಮೊದಲು ಕೈಕಾಲು ಉಳೀಲಿ."

ಮುಖ್ಯಸ್ಥರು ಧಾವಿಸಿ ಬಂದರು. ಅಣ್ಣ ಒಳಗಿದ್ದಾನೆ ಅಂತ ತಾನೇ ಈ ರಂಪ ಎಂದು ಹಂಗಿಸಿದರು. ಕೆಲಸ ಹೋದೀತು ಎಂದು ಹೆದರಿಸಿದರು.

"ಇವನ ಜಾಗದಲ್ಲಿ ನೀವಿದ್ರೂ ಕೂರ್ತಿದ್ದೆ ಸಾರ್," ಎಂದಳು ಅವಳು. "ಗುಂಡು ಬೀಳಿಸಿ ನನ್ನ ಲೆಕ್ಕ ತಪ್ಪು ಅಂತ ತೋರಿಸಿ. ಆಗ ನಾನೇ ಎದ್ದು ಹೋಗ್ತೀನಿ."

ಅವಳನ್ನು ಎತ್ತಿ ಹೊರಗೆ ಹಾಕಲು ಕಾವಲಿನವರಿಗೆ ಹೇಳಿಕಳಿಸಿದರು. ಅಷ್ಟರಲ್ಲಿ ಅಣ್ಣ ಅವಳ ಮಡಿಲಲ್ಲಿದ್ದ ಲೆಕ್ಕದ ಕಾಗದ ತೆಗೆದುಕೊಂಡ. ನಿಂತೇ ಓದಿದ. ಕಾಲು ಭಾಗವೆಂದರೆ ನಿಜವಾಗಿಯೂ ಕಾಲು ಭಾಗವೇ ಎಂದು ಕೇಳಿದ. ಅವಳು ಹೌದೆಂದಳು. ಅವನು ಕೈಗವಸು ಕಳಚಿ ಜೇಬಿಗೆ ತುರುಕಿಕೊಂಡು, ಪರೀಕ್ಷೆ ಆಗದೆ ತಾನೂ ಯಂತ್ರ ಮುಟ್ಟುವುದಿಲ್ಲ ಎಂದುಬಿಟ್ಟ. ಅವನ ಹಿಂದಿದ್ದ ನಾಲ್ವರು ಕೆಲಸಗಾರರೂ ಯಂತ್ರದತ್ತ ಹೋಗಲಿಲ್ಲ.

ಎರಡು ವಾರ ಬೇಕೆಂದಿದ್ದ ಪರೀಕ್ಷೆಯ ಯಂತ್ರ ನಾಲ್ಕೇ ದಿನದಲ್ಲಿ ಬಂತು. ಹೊಸ ಮದ್ದು ಸಿಡಿದದ್ದು ಕಾಲು ಭಾಗ ಪೆಟ್ಟಿಗಲ್ಲ, ಅರ್ಧಕ್ಕೆ. ಲೆಕ್ಕ ತಪ್ಪಿತಲ್ಲ ಎಂದು ಮುಖ್ಯಸ್ಥರು ಎಲ್ಲರೆದುರು ಚುಚ್ಚಿದರು. ತಪ್ಪಿದೆ ಎಂದು ಅವಳೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು. ಆದರೆ ಅರ್ಧವೂ ಆ ಕೋಣೆಗೆ ಅಪಾಯವೇ ಆಗಿತ್ತು. ಹೊಸ ಮದ್ದನ್ನು ಕೈಬಿಟ್ಟರು.

ಅವಳಿಗೆ ಶಿಸ್ತು ಮುರಿದಳೆಂದು ಮೆಮೊ ಸಿಕ್ಕಿತು. ಕೋಣೆ ಕಿತ್ತುಕೊಂಡು, ಕ್ಯಾಂಟೀನಿನ ಹಿಂದಿನ ಉಗ್ರಾಣದಲ್ಲಿ ಕಿಟಕಿಯಿಲ್ಲದ ಮೂಲೆಯೊಂದನ್ನು ಕೊಟ್ಟರು. ಅಣ್ಣನೇ ಅವಳ ಕಂಪ್ಯೂಟರನ್ನು ಹೊತ್ತು ತಂದು, ವೈರು ಸಿಕ್ಕಿಸಿ ಹೋದ.

ಮೊದಲು ತನ್ನ ಲೆಕ್ಕ ಎಲ್ಲಿ ಜಾರಿತೆಂದು ಹುಡುಕಿ ಸರಿಮಾಡಿದಳು. ಆಮೇಲೆ, ಇನ್ನು ಮುಂದೆ ಯಾವ ಹೊಸ ಮದ್ದೂ ತನ್ನ ಮೇಜು ದಾಟದೆ ಗೆರೆ ದಾಟಬಾರದು ಎಂದು ಮುಖ್ಯಸ್ಥರಿಗೆ ಬರೆದಳು. ಉತ್ತರ ಬರಲಿಲ್ಲ. ಮರುದಿನ ಅದನ್ನೇ ಮತ್ತೆ ಬರೆದಳು. ಅದರ ಮರುದಿನವೂ.