ಹಲಗೆಯ ಮೇಲಿನ ಮೊದಲ ಹಾಳೆ

ಪ್ರಫುಲ್ಲಾಳ ಮೇಲೆ ಕಣ್ಣಿಡು ಎಂದು ನಮ್ಮ ಮುಖ್ಯಸ್ಥ ಕಾಂತಪ್ಪ ಸಾಹೇಬರು ಹೇಳಿದಾಗ ಯಾಕೆಂದು ನಾನು ಕೇಳಲಿಲ್ಲ. ನನಗೂ ಅನುಮಾನವಿತ್ತು.

ಅದು ೧೯೭೬. ಪರೇಲಿನ ಒಂದು ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ ನಾನು ಆಪರೇಟರ್. ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ, ಆಪರೇಟಿಂಗ್ ಸಿಸ್ಟಮ್, ಹೊಸದಾಗಿ ಬೇರೆ ಊರಿನ ಆಫೀಸುಗಳಿಗೆ ಹೋಗಬೇಕಿತ್ತು. ಅದನ್ನು ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸಿಕೊಡುವುದು ಕಂಪೈಲರ್. ನಮ್ಮಲ್ಲಿ ಎರಡಿದ್ದವು, ಒಂದೊಂದೂ ಬೇರೆ ಬೇರೆ ಟೇಪಿನಲ್ಲಿ: ಹಳೆಯ ಮೂರನೆಯದು, ಹೊಸ ನಾಲ್ಕನೆಯದು. ನಾಲ್ಕನೆಯದು ಸಾಹೇಬರದೇ ಕೈಕೆಲಸ. ನಮ್ಮ ಪ್ರೋಗ್ರಾಮರ್ ಪ್ರಫುಲ್ಲಾ ಅದನ್ನು ಪರೀಕ್ಷಿಸಿ, ತಪ್ಪು ಮಾಡುತ್ತದೆ, ಬೇಡ ಎಂದಳು. ಮರುದಿನ ಸಾಹೇಬರು ಅವಳ ಪರೀಕ್ಷೆಯ ತೂತು ಕೊರೆದ ಕಾರ್ಡುಗಳನ್ನೇ ನಾಲ್ಕನೆಯದಕ್ಕೆ ನನ್ನಿಂದ ಮತ್ತೆ ಹಾಕಿಸಿದರು. ಒಂದೂ ತಪ್ಪಿಲ್ಲ.

"ಮೊದಲು ಕಾರ್ಡ್ ಹಿಂದೆಮುಂದೆ ಮಾಡಿದ್ದಾಳೆ ಮಾರಾಯ. ಸೋಮವಾರ ಅವಳಿಗೆ ನೋಟೀಸು," ಎಂದರು ಸಾಹೇಬರು.

ನಾನು ಅವಳ ಮೇಜಿನ ಮುಂದೆ ಹೋಗಿ ನಿಂತೆ. "ಬಾಯಾರ, ಕಾರ್ಡ್ ಯಾರ ಕಲಸಿದ್ರು, ಖರೆ ಹೇಳ್ರಿ."

"ಕಾರ್ಡು, ಟೇಪು ಇಡೋ ಕಪಾಟಿನ ಬೀಗದ ಕೈ ಇರೋದು ನಿಮ್ಮ ಹತ್ತಿರ ಅಲ್ವಾ, ಕುತುಬುದ್ದೀನ್ ಭಾಯ್?" ಉಡುಪಿಯ ಹುಡುಗಿ, ತಲೆ ಎತ್ತಲಿಲ್ಲ. ನನ್ನ ಕೂಗಿಗೆ ಪಕ್ಕದ ಕೋಣೆಯವರು ಬಾಗಿಲಿಗೆ ಬಂದರು.

ಪ್ರಿಂಟಾಗಿ ಬರುವ ಪ್ರತಿ ಕಟ್ಟಿನ ಮೊದಲ ಹಾಳೆಯಲ್ಲಿ ತಾರೀಖು, ಹೆಸರು, ಕಂಪೈಲರಿನ ಸಂಖ್ಯೆ ಇಷ್ಟೇ ಇರುತ್ತಿತ್ತು. ಅದನ್ನು ಹರಿದು ಮನೆಗೆ ಒಯ್ಯುವುದು ನಮ್ಮ ಆಪರೇಟರುಗಳ ಹಕ್ಕು. ಭಾಂಡುಪಿನ ಮನೆಯಲ್ಲಿ ನನ್ನ ಹೆಂಡತಿ ರೋಷನಬಿ ಅವನ್ನು ಅಡುಗೆಮನೆಯ ಹಲಗೆಗೆ ಹಾಸುತ್ತಿದ್ದಳು. ಭಾನುವಾರ ಚಹಾಪುಡಿಯ ಡಬ್ಬಿ ಎತ್ತಿದೆ. ಕೆಳಗೆ ಸಾಹೇಬರ ಪರೀಕ್ಷೆಯ ಹಾಳೆ. ನಾಲ್ಕು ಇರಬೇಕಾದಲ್ಲಿ ಕಂಪೈಲರಿನ ಸಂಖ್ಯೆ ಮೂರು.

ಅವಳೇ ಟೇಪು ಬದಲಿಸಿದಳು ಎಂದುಕೊಂಡೆ. ಆದರೆ ಅದರಿಂದ ಅವಳಿಗೇ ನಷ್ಟ; ಮೇಲಾಗಿ ಟೇಪಿನ ಕಪಾಟು ತೆರೆಯುವವನು ನಾನೊಬ್ಬನೇ. ಟೇಪಿನ ಮೇಲಿನ ಚೀಟಿ ಓದದೆ, ಅದು ತೂಗುವ ಗೂಟ ನೋಡಿ ಟೇಪು ತೆಗೆಯುವುದು ನನ್ನ ರೂಢಿ. ಪ್ರಫುಲ್ಲಾಳ ಪರೀಕ್ಷೆ ಮುಗಿದ ಮೇಲೆ ಎರಡೂ ಟೇಪುಗಳನ್ನು ಗೂಟ ಅದಲುಬದಲು ಮಾಡಿ ತೂಗುಹಾಕಿದವನೂ ನಾನೇ.

"ನಿನ್ನೆ ಹಾಸಿದ ಹಾಳಿ, ಯಾಕ ಕೀಳಾಕತ್ತೀರಿ?" ಎಂದಳು ರೋಷನಬಿ.

"ಒಬ್ಬರ ನೌಕರಿ ಹೋಗತೈತಿ."

"ಯಾರದು?"

"ಇಲ್ಲೇ ಬಿಟ್ರ ಆಕೀದು. ಒಯ್ದ್ರ ನಂದು."

ಅವಳು ಉಳಿದ ಡಬ್ಬಿಗಳನ್ನೂ ಕೆಳಗಿಟ್ಟು ಹಾಳೆಯನ್ನು ಸೀರೆಯ ಸೆರಗಿನಿಂದ ಒರೆಸಿದಳು. "ಎಣ್ಣಿ ಹತ್ತೈತಿ. ಓದಾಕ ಬರತೈತಲ್ಲ?"

ಸೋಮವಾರ ಸಾಹೇಬರು ಹಾಳೆಯನ್ನು ಮೂಸಿ ನೋಡಿದರು. "ನಿನಗೆ ಯಾರು ಕೊಟ್ಟದ್ದು ಇದು? ಅವಳಾ?"

"ನಮ್ಮ ಮನೀ ಹಲಗೀದು, ಸಾಹೇಬ್ರ. ಟೇಪ್ ತಪ್ಪು ಹಾಕಿದಾಂವ ನಾನು."

ಅವರೆದುರೇ ನಾಲ್ಕನೆಯದನ್ನು ಹಾಕಿದೆ. ಹನ್ನೊಂದು ತಪ್ಪು ಬಂತು. ಹಳೆಯ ಕಂಪೈಲರಿನಲ್ಲೇ ಸಿಸ್ಟಮ್ ಸಿದ್ಧಪಡಿಸುವುದೆಂದಾಯಿತು. ಪ್ರಫುಲ್ಲಾಳ ನೋಟೀಸು ಹರಿದರು, ನನ್ನದು ಟೈಪಾಯಿತು: ಇನ್ನೊಂದು ತಪ್ಪಾದರೆ ಮನೆಗೆ.

ಮೂರನೆಯ ಟೇಪು ಏರಿಸಲು ಹೊರಟಾಗ ಪ್ರಫುಲ್ಲಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಚೀಟಿ ಓದಿದಳು.

"ನಂಬಿಕಿ ಇಲ್ಲೇನ್ರಿ ಬಾಯಾರ?"

"ಇಲ್ಲ," ಎಂದು ಟೇಪು ಹಿಂದಕ್ಕೆ ಕೊಟ್ಟಳು. "ಏರಿಸಿ."