ಮರ್ವಿನ್ ಮಾಡಿಕೊಟ್ಟ ಅಚ್ಚು

ನನ್ನ ಕೋಟಿನ ಬಲಜೇಬಿನಲ್ಲಿ ಹನ್ನೊಂದು ವರ್ಷದಿಂದ ಒಂದು ಪ್ಲಾಸ್ಟರಿನ ಬಿಲ್ಲೆ ಇತ್ತು. ಅಂಗೈಯಗಲ, ಒಂದು ಬದಿ ನುಣುಪು, ಇನ್ನೊಂದು ಬದಿ ಉಬ್ಬುತಗ್ಗು. ಕೋಟು ಮೂರು ಸಲ ಬದಲಾಯಿತು, ಬಿಲ್ಲೆ ಮಾತ್ರ ಜೇಬಿನಿಂದ ಜೇಬಿಗೆ ದಾಟುತ್ತಾ ಬಂತು. ನನ್ನ ಶೆಡ್ಡಿನಲ್ಲಿ ತಲೆಯಿಲ್ಲದೆ ಮಲಗಿರುವ ಮೀನುಮೊಸಳೆಯ ಕತ್ತು ಎಲ್ಲಿ ಮುರಿದಿದೆಯೋ, ಆ ಮುರಿದ ಮುಖದ ತದ್ರೂಪು ಅದು. ದಡದಲ್ಲಿ ಅನುಮಾನ ಬಂದ ಕಲ್ಲಿಗೆಲ್ಲ ಅದನ್ನು ಒತ್ತಿ ನೋಡುತ್ತಿದ್ದೆ. ಕೂತರೆ ತಲೆ ಸಿಕ್ಕಿತು ಎಂದು ಅರ್ಥ. ಒಂದು ಸಲವೂ ಕೂತಿರಲಿಲ್ಲ.

ಮೀನುಮೊಸಳೆ ಮೀನೂ ಅಲ್ಲ, ಮೊಸಳೆಯೂ ಅಲ್ಲ. ಹತ್ತೊಂಬತ್ತು ಕೋಟಿ ವರ್ಷದ ಹಿಂದೆ ನಮ್ಮ ಡಾರ್ಸೆಟ್ ಕಡಲಲ್ಲಿ ಈಜಾಡಿಕೊಂಡಿದ್ದ ಪ್ರಾಣಿ, ಈಗ ಕಲ್ಲು. ಪುಸ್ತಕದವರು ಬೇರೆ ಹೆಸರು ಹೇಳುತ್ತಾರೆ, ನಾನು ನಮ್ಮಜ್ಜ ಕರೆದಂತೆ ಕರೆಯುತ್ತೇನೆ. ಅಜ್ಜ, ಅಪ್ಪ, ಈಗ ನಾನು, ಹೆಸ್ಟರ್ ಬ್ಯೂಗ್ಲರ್: ಮೂರು ತಲೆಮಾರು ನಮ್ಮೂರು ಹ್ಯಾಲ್ಕಂಬಿನ ಕಡಲದಡದಲ್ಲಿ ಪಳೆಯುಳಿಕೆ ಆರಿಸಿ ಬದುಕಿದವರು.

ಆ ಬಿಲ್ಲೆ ಮಾಡಿಕೊಟ್ಟವನು ಮರ್ವಿನ್ ಗಾಲಪ್. ನನಗಿಂತ ಎರಡು ವರ್ಷ ದೊಡ್ಡವನು, ನಲವತ್ತು ವರ್ಷದ ಗೆಳೆಯ, ನನ್ನ ಹುಟ್ಟುಹಬ್ಬಕ್ಕೆ ತಪ್ಪದೆ ಸೇಬಿನ ಕೇಕು ಹೊತ್ತು ತರುವವನು. ಪ್ಲಾಸ್ಟರಿನ ಕೆಲಸದಲ್ಲಿ ಅವನನ್ನು ಮೀರಿಸುವವರು ಈ ಕರಾವಳಿಯಲ್ಲಿ ಇಲ್ಲ. ಒಂದೇ ಕೊರತೆ ಎಂದರೆ ಅವನ ನಾಯಿ ಟಾಗಲ್ ಸದಾ ಮೇಜಿನ ಕೆಳಗೇ ಇರುತ್ತಿತ್ತು, ಅದರ ಬಿಳಿ ಒರಟು ಕೂದಲು ಅವನು ಕಲಸಿದ ಪ್ಲಾಸ್ಟರಿಗೆಲ್ಲ ಬೀಳುತ್ತಿತ್ತು. ನನ್ನ ಬಿಲ್ಲೆಯ ಅಂಚಿನಲ್ಲೂ ಎರಡು ಎಳೆ ಮೀಸೆಯಂತೆ ನಿಂತಿವೆ. "ಇದ್ಯಾವ ಕಾಲದ ಪ್ರಾಣೀದಪ್ಪಾ?" ಎಂದು ನಾವು ರೇಗಿಸಿದರೆ, "ನನ್ನ ರುಜು ಅಂದ್ಕೊಳ್ರಿ" ಎನ್ನುತ್ತಿದ್ದ.

ಹನ್ನೊಂದು ವರ್ಷದ ಹಿಂದೆ, ಫೆಬ್ರವರಿ ಹತ್ತೊಂಬತ್ತರ ಬಿರುಗಾಳಿಯ ಮಾರನೆ ಬೆಳಿಗ್ಗೆ, ಕುಸಿದ ಜೇಡಿಗುಡ್ಡದ ಬುಡದಲ್ಲಿ ನನಗೆ ಆ ಮೈ ಸಿಕ್ಕಿತು. ಬಾಲದ ತುದಿಯಿಂದ ಕತ್ತಿನವರೆಗೆ ಒಂದು ಮೂಳೆಯೂ ತಪ್ಪಿರಲಿಲ್ಲ. ಕತ್ತಿನ ಬಳಿ ಕಲ್ಲು ಮುರಿದಿತ್ತು. ಮುರಿದ ಮುಖದಲ್ಲಿ ಒಂದು ಪುಟ್ಟ ಸುರುಳಿಚಿಪ್ಪು ನಡುವೆ ಸೀಳಿ ಅರ್ಧ ಉಳಿದಿತ್ತು, ಸುರುಳಿಯ ಗುಂಟ ಹಿತ್ತಾಳೆ ಬಣ್ಣದ ಗೆರೆ. ಮುರಿತ ಹೊಸದು, ಅಂಚು ಇನ್ನೂ ಸವೆದಿರಲಿಲ್ಲ. ಈ ಕಸುಬಿನ ಯಾರನ್ನು ಕೇಳಿದರೂ ಹೇಳುತ್ತಾರೆ: ಹೊಸ ಮುರಿತ ಎಂದರೆ ಮಿಕ್ಕ ತುಂಡು ಹತ್ತಿರದಲ್ಲೇ ಇದೆ, ಗುಡ್ಡದ ಜೊತೆ ಬೀಳುವಾಗ ಮುರಿದಿದೆ. ನಾನೂ ಹಾಗೇ ಅಂದುಕೊಂಡೆ. ಓಡಿ ಬಂದ ಮರ್ವಿನ್ ಮುರಿತವನ್ನು ಬಹಳ ಹೊತ್ತು ನೋಡಿದ.

"ಇಲ್ಲೇ ಎಲ್ಲೋ ಇರುತ್ತೆ ಕಣೇ. ಹುಡುಕೋಣ" ಎಂದ.

ಹುಡುಕಿದೆವು. ಹನ್ನೊಂದು ಚಳಿಗಾಲ ಹುಡುಕಿದೆವು. ಪ್ರತಿ ಬಿರುಗಾಳಿಯ ನಂತರ, ಕಡಲು ಇಳಿದಾಗ, ಅವನು ಥರ್ಮಾಸು ಹಿಡಿದು ನನ್ನ ಬಾಗಿಲ ಮುಂದೆ ನಿಂತಿರುತ್ತಿದ್ದ. ಐದನೆಯ ವರ್ಷ ಗುಡ್ಡ ಮತ್ತೆ ಕುಸಿದು ನನ್ನನ್ನು ಸೊಂಟದವರೆಗೆ ಹೂತುಹಾಕಿತು. ಬಲಗಾಲು ಎರಡು ಕಡೆ ಮುರಿಯಿತು. ಮರ್ವಿನ್ ಬರಿಗೈಯಲ್ಲಿ ಜೇಡಿ ಬಗೆದು ನನ್ನನ್ನು ಎಳೆದ, ಅವನ ಎರಡು ಉಗುರು ಕಿತ್ತುಹೋಗಿದ್ದವು. ಆಸ್ಪತ್ರೆಯಲ್ಲಿ ಅವನು ಅತ್ತ ಅಳುವಿಗೆ ನರ್ಸು ನನಗಿಂತ ಮೊದಲು ಅವನಿಗೆ ಚಹಾ ತಂದುಕೊಟ್ಟಳು. ಇಂಥ ಸ್ನೇಹ ಯಾರಿಗುಂಟು ಎಂದು ನಾನು ಮಲಗಿದಲ್ಲೇ ಹೆಮ್ಮೆಪಟ್ಟೆ. ಮಂಕುದಿಣ್ಣೆ ನಾನು.

ತಲೆ ಸಿಗದೆ ಆ ಮೈಯನ್ನು ಮ್ಯೂಸಿಯಮ್ಮಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಅರವತ್ನಾಲ್ಕಾಯಿತು, ಕಾಲು ಕೇಳುತ್ತಿಲ್ಲ. ಇದೇ ಕೊನೆಯ ಚಳಿಗಾಲ, ಸಿಗದಿದ್ದರೆ ರುಂಡವಿಲ್ಲದೆಯೇ ಒಪ್ಪಿಸಿಬಿಡುವುದು ಎಂದು ತೀರ್ಮಾನಿಸಿದ್ದೆ.

ಇನ್ನು ಪಳೆಯುಳಿಕೆ ಆರಿಸುವವರ ನಮ್ಮ ಸಂಘದ ಮಾತು. ಮೈ ಸಿಕ್ಕುವುದಕ್ಕೆ ಒಂದು ತಿಂಗಳ ಮೊದಲು, ನಮ್ಮ ಅಡಿಗೆಮನೆಯ ಮೇಜಿನ ಮೇಲೆ ಅದು ಹುಟ್ಟಿತು. ಕಂಡಲ್ಲಿ ಗುಡ್ಡ ಅಗೆಯುವವರು, ಎರಡು ಪ್ರಾಣಿ ಅಂಟಿಸಿ ಒಂದೆಂದು ಮಾರುವವರು ಹೆಚ್ಚಾಗಿ ಕಸುಬಿನ ಮಾನ ಹೋಗಿತ್ತು. ಮರ್ವಿನ್ ಹೇಳುತ್ತಾ ಹೋದ, ನಾನು ಬರೆದುಕೊಂಡೆ. ದಡಕ್ಕೆ ಬಿದ್ದದ್ದನ್ನು ಆರಿಸಬಹುದು, ಗುಡ್ಡದಲ್ಲಿರುವುದನ್ನು ಒಡೆಯರ ಅನುಮತಿ ಇಲ್ಲದೆ ಮುಟ್ಟಬಾರದು. ಕಲ್ಲಿಗೆ ಸೇರಿಸಿದ್ದು ಒಂದು ಚಿಟಿಕೆ ಪ್ಲಾಸ್ಟರಾದರೂ ಬಾಯಿಬಿಟ್ಟು ಹೇಳಬೇಕು. ಒಂದು ಪ್ರಾಣಿಯ ತುಂಡುಗಳು ಬೇರೆಬೇರೆಯವರಿಗೆ ಸಿಕ್ಕರೆ ಮುಚ್ಚಿಡದೆ ಒಟ್ಟುಗೂಡಿಸಬೇಕು. ಇವೆಲ್ಲ ಅವನ ಮಾತು. ನಾನು ಹಟ ಹಿಡಿದು ಸೇರಿಸಿದ್ದು ಒಂದೇ: ಯಾರು ಕೊಂಡರೂ, ಯಾರು ಮಾರಿದರೂ, ಚೀಟಿಯ ಮೇಲೆ ಮೊದಲು ಕಂಡವರ ಹೆಸರು ಇರಲೇಬೇಕು, ಹೇಗೆ, ಯಾವತ್ತು ಸಿಕ್ಕಿತು ಎಂಬುದರ ಸಮೇತ. ನಮ್ಮಜ್ಜ ಕೆಸರಿನಲ್ಲಿ ಬಿದ್ದು ತಂದ ಕಲ್ಲುಗಳ ಮೇಲೆ ಇವತ್ತಿಗೂ ಅವನ್ನು ಕೊಂಡ ಸಾಹುಕಾರರ ಹೆಸರೇ ಇದೆ. ಆ ಉರಿ ನನಗೆ ಆರಿಲ್ಲ.

ಕಳೆದ ಮಾರ್ಚಿನ ಶನಿವಾರ ಮಧ್ಯಾಹ್ನ, ಮೀನುಗಾರರ ಸಭಾಂಗಣದಲ್ಲಿ ಹೊಸ ಸದಸ್ಯರ ಸಭೆ. ಸಮಿತಿಯಲ್ಲಿ ಮೂವರು: ಅಧ್ಯಕ್ಷ ಮರ್ವಿನ್, ನಾನು, ಕಾರ್ಯದರ್ಶಿ ಸ್ಟಿಕ್ಲೆಂಡ್. ಸ್ಟಿಕ್ಲೆಂಡ್ ಒಳ್ಳೆಯವನು, ಮನಸ್ಸಿಗೆ ಬಂದದ್ದು ಬಾಯಿಗೆ ಬಂದ ಮೇಲೆ ಯೋಚಿಸುವವನು. ಅರ್ಜಿ ಹಾಕಿದವಳು ಬ್ರಿಸ್ಟಲ್ಲಿನ ಟ್ಯಾಮ್‌ಸಿನ್ ರೂಕ್, ಮೂವತ್ತೈದರ ಹೆಂಗಸು, ಹಳೆಯ ಸಂಗ್ರಹಗಳನ್ನು ಕೊಂಡು ಶುಚಿಮಾಡಿ ಮಾರುವುದು ಅವಳ ಕೆಲಸ. ಸದಸ್ಯತ್ವ ಬೇಕಾದವರು ತಮ್ಮ ಮೂರು ಕಲ್ಲು ತಂದು ತೋರಿಸಬೇಕು. ಎರಡನ್ನು ನೋಡಿ ತಲೆದೂಗಿದೆವು. ಮೂರನೆಯದನ್ನು ಅವಳು ಕಂಬಳಿಯಿಂದ ಬಿಡಿಸಿದಳು. ಮೀನುಮೊಸಳೆಯ ತಲೆ, ಉದ್ದ ಮೂತಿ, ತಟ್ಟೆಯಷ್ಟು ಕಣ್ಣು, ಹಲ್ಲು ಒಂದೂ ಬಿದ್ದಿಲ್ಲ.

"ಇದರ ವಿಷಯದಲ್ಲಿ ನಾನೇ ನಿಮ್ಮನ್ನ ಕೇಳ್ಬೇಕು" ಎಂದಳು ಟ್ಯಾಮ್‌ಸಿನ್. "ಆಂಟ್‌ವರ್ಪ್‌ನಲ್ಲಿ ಒಬ್ರು ಹಿರಿಯರು ತೀರಿಕೊಂಡ್ರು, ಅವರ ಮನೆಯವರಿಂದ ತಗೊಂಡೆ. ಚೀಟೀಲಿ ಹಳೇ ಸಂಗ್ರಹ, ಸ್ಥಳ ತಿಳಿದಿಲ್ಲ ಅಂತಷ್ಟೇ ಇತ್ತು. ಸ್ಥಳ ಗೊತ್ತಿಲ್ದೆ ಮಾರೋ ಹಾಗಿಲ್ವಲ್ಲ. ಕಲ್ಲಿನ ಬಣ್ಣ ನೋಡಿದ್ರೆ ನಿಮ್ಮ ಕಡೇದೇನೋ ಅನ್ಸುತ್ತೆ."

"ಅಲ್ಲಮ್ಮ" ಎಂದ ಮರ್ವಿನ್. "ನಮ್ಮ ಕಡೇದಲ್ಲ. ಜರ್ಮನಿ ಕಲ್ಲು."

ನನಗೆ ಆಗಲೇ ಏನೋ ಚುಚ್ಚಿತು. ನಾವು ಕಲ್ಲಿನ ಊರು ಹೇಳುವುದು ನಾಲಗೆಯಿಂದ. ತುದಿ ತಾಗಿಸಿದರೆ ನಮ್ಮ ನೀಲಿ ಜೇಡಿ ಸ್ವಲ್ಪ ಅಂಟುತ್ತದೆ. ನೆಕ್ಕಿ ನೋಡದೆ ಮರ್ವಿನ್ ಎಂದೂ ಊರು ಹೇಳಿದವನಲ್ಲ. ಇವತ್ತು ಕೈ ಕೂಡ ಚಾಚಲಿಲ್ಲ.

ಟ್ಯಾಮ್‌ಸಿನ್ ಕಲ್ಲನ್ನು ಹಿಂದುಮುಂದು ತಿರುಗಿಸಿದಳು. "ಕತ್ತಿನ ಕಡೆ ಯಾರೋ ಪ್ಲಾಸ್ಟರ್ ಮೆತ್ತಿ ಬಣ್ಣ ಬಳಿದಿದ್ರು. ಚೆನ್ನಾಗೇ ಮಾಡಿದ್ರು, ಗೊತ್ತೇ ಆಗ್ತಿರ್ಲಿಲ್ಲ. ಸೇರಿಸಿದ್ದೆಲ್ಲ ಹೇಳ್ಬೇಕು ಅಂತ ನಿಮ್ಮ ನಿಯಮ ಇದೆಯಲ್ಲ, ಅದಕ್ಕೇ ಎಲ್ಲ ಕೆರೆದು ತೆಗೆದೆ. ಚೂರೂ ಬಿಸಾಕಿಲ್ಲ" ಎಂದು ಒಂದು ಚೀಲ ಮೇಜಿನ ಮೇಲಿಟ್ಟಳು.

ನಾನು ಚೀಲ ನೋಡಲಿಲ್ಲ. ಮುರಿದ ಮುಖದಲ್ಲಿ ಅರ್ಧ ಸುರುಳಿಚಿಪ್ಪು ಇತ್ತು, ಹಿತ್ತಾಳೆ ಬಣ್ಣದ ಗೆರೆಯ ಸಮೇತ. ಅದರ ಇನ್ನರ್ಧವನ್ನು ನಾನು ಹನ್ನೊಂದು ವರ್ಷದಿಂದ ಜೇಬಿನಲ್ಲಿ ಹೆಬ್ಬೆರಳಿನಿಂದ ಸವರಿಕೊಂಡು ಬಂದಿದ್ದೆ. ಬಿಲ್ಲೆ ತೆಗೆದು ಒತ್ತಿದೆ. ಟಕ್ ಎಂದು ಕೂತಿತು. ಕೈ ಬಿಟ್ಟರೂ ಬೀಳಲಿಲ್ಲ.

ಆ ಕ್ಷಣ ನನಗೆ ಆದದ್ದು ಬರೀ ಸಂತೋಷ. ಅದನ್ನೂ ಮುಚ್ಚಿಡುವುದಿಲ್ಲ. ಕಣ್ಣಲ್ಲಿ ನೀರು ಬಂತು, ಆ ಸಂತೋಷ ಹಂಚಿಕೊಳ್ಳಲು ನಾನು ತಿರುಗಿದ್ದು ಅವನ ಕಡೆಗೇ.

"ಮರ್ವ್, ಸಿಕ್ತು ಕಣೋ" ಎಂದೆ. "ನಮ್ಮ ತಲೆ ಸಿಕ್ತು."

ಅವನು ತಲೆಯನ್ನು ನೋಡುತ್ತಿರಲಿಲ್ಲ. ನನ್ನನ್ನೂ ನೋಡುತ್ತಿರಲಿಲ್ಲ. ಪ್ಲಾಸ್ಟರಿನ ಚೀಲವನ್ನು ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಕಳ್ಳ ಎಂದು ಇನ್ನೂ ಯಾರೂ ಅಂದಿರಲಿಲ್ಲ.

ಸ್ಟಿಕ್ಲೆಂಡ್ ಕನ್ನಡಕ ಏರಿಸಿಕೊಂಡು ಚೀಲದಿಂದ ಒಂದು ಚೂರು ಎತ್ತಿದ. "ಮರ್ವಿನ್, ಇದು ನಮ್ಮ ಟಾಗಲ್ ಕೂದಲಲ್ವೇನಪ್ಪಾ?" ಎಂದ. ಎಂದ ಮೇಲೆ ಅವನ ಬಾಯಿ ಹಾಗೇ ತೆರೆದಿತ್ತು.

ಬಿಳಿ, ಒರಟು. ಟಾಗಲ್ ಸತ್ತು ಏಳು ವರ್ಷವಾಗಿದೆ. ನಾನು ಚೂರನ್ನು ಇಸಿದುಕೊಂಡು ಬಿಲ್ಲೆಯ ಪಕ್ಕದಲ್ಲಿಟ್ಟೆ. ಒಂದೇ ಬಣ್ಣ, ಒಂದೇ ಹದ, ಒಂದೇ ನಾಯಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ.

ಟ್ಯಾಮ್‌ಸಿನ್ ಎದ್ದು ನಿಂತಳು. "ನಾನು ಹೊರಗಿರ್ತೀನಿ ಮೇಡಂ."

"ಕೂತ್ಕೊಳ್ಳಮ್ಮ. ನಿನ್ನ ಅರ್ಜಿ ಇನ್ನೂ ಮುಗಿದಿಲ್ಲ" ಎಂದೆ. ಮರ್ವಿನ್ ಕಡೆ ತಿರುಗಿದೆ. "ಹೇಳೋ."

ಮರ್ವಿನ್ ಮೇಜಿನ ಅಂಚು ಹಿಡಿದುಕೊಂಡ. "ಮೂತಿ ಗುಡ್ಡದಿಂದ ಆಚೆ ಚಾಚಿತ್ತು ಹೆಸ್ಟಿ. ಅನುಮತಿ ಕೇಳಿದ್ರೆ ಮೂರು ವಾರ. ಅಷ್ಟರಲ್ಲಿ ಸಮುದ್ರ ತಿಂದುಹಾಕ್ತಿತ್ತು. ನಾನೇ ಅಗೆದೆ. ಎಳೆಯೋವಾಗ ಕತ್ತಿನ ಹತ್ರ ಮುರೀತು. ಮೈ ಒಳಗಿತ್ತು, ಕೈಗೆಟುಕಲಿಲ್ಲ. ಜೇಡಿ ಮುಚ್ಚಿ ಬಂದೆ."

"ಆಮೇಲೆ?"

"ಆಮೇಲೆ ಏನು. ನಿಯಮ ಬರ್ಸಿ ತಿಂಗಳಾಗಿರ್ಲಿಲ್ಲ. ಮೊದಲನೇ ನಿಯಮ ಮುರಿದೋನು ನಾನೇ ಅಂತ ಊರಿಗೆ ಹೇಳ್ಕೊಳ್ಲಾ? ಯೋಚ್ನೆ ಮಾಡೋಷ್ಟರಲ್ಲಿ ಬಿರುಗಾಳಿ ಬಂತು, ಮೈ ನಿನಗೆ ಸಿಕ್ತು. ಅದು ಮನೇಲಿದ್ರೆ ನಿದ್ದೆ ಬರ್ತಿರ್ಲಿಲ್ಲ. ಮುರಿತ ಕಾಣದ ಹಾಗೆ ಪ್ಲಾಸ್ಟರ್ ಮೆತ್ತಿ, ಹೊರದೇಶದ ವ್ಯಾಪಾರಿಗೆ ಕೊಟ್ಟು ಕಳ್ಸಿಬಿಟ್ಟೆ."

"ನೀನು ಹೇಳಿದ್ರೆ ನಾನು ನಿನ್ನ ಸಂಘದಿಂದ ಆಚೆ ಹಾಕಿಸ್ತಿದ್ದೆ. ಅದಂತೂ ನಿಜ" ಎಂದೆ. "ಸಂಜೆ ಊಟಕ್ಕೂ ಕರೀತಿದ್ದೆ. ಅದೂ ನಿಜ. ನಲವತ್ತು ವರ್ಷದಲ್ಲಿ ಅಷ್ಟೂ ಗೊತ್ತಾಗ್ಲಿಲ್ವೇನೋ ನಿನಗೆ?"

ಬಿಲ್ಲೆಯನ್ನು ತಲೆಯಿಂದ ಬಿಡಿಸಿ ಅವನ ಮುಂದಿಟ್ಟೆ.

"ತಲೆ ಇಲ್ಲ ಅಂತ ಗೊತ್ತಿದ್ದೂ ಹನ್ನೊಂದು ವರ್ಷ ನನ್ನ ಆ ಗುಡ್ಡದ ಕೆಳಗೆ ನಡೆಸಿದ್ಯಲ್ಲೋ. ಒತ್ತಿ ನೋಡು ಅಂತ ಈ ಬಿಲ್ಲೆ ಬೇರೆ ಮಾಡ್ಕೊಟ್ಟೆ. ಗುಡ್ಡ ನನ್ನ ಮೇಲೆ ಬಿತ್ತು."

"ಅದಕ್ಕೇ ಜೊತೆಗೆ ಬರ್ತಿದ್ದೆ" ಎಂದ ಮರ್ವಿನ್. "ನೀನೊಬ್ಬಳೇ ಹೋಗ್ಬಾರ್ದು ಅಂತ. ಆಸ್ಪತ್ರೇಲಿ ಹೇಳೋಕೆ ಎರಡು ಸಲ ಬಾಯಿ ತೆಗೆದೆ."

"ಬಾಯಿ ತೆಗೆದು ಅತ್ತೆ."

"ಹೂಂ. ಅತ್ತೆ."

ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಎಲ್ಲ ಊರಲ್ಲೂ ಇದೆ. ಮೇಯ್ದ ಬೇಲಿ ಹನ್ನೊಂದು ವರ್ಷ ಹೊಲದವಳ ಜೊತೆ ಸೇರಿ ದನ ಹುಡುಕಿದ್ದನ್ನು ನಾನು ಎಲ್ಲೂ ಕೇಳಿಲ್ಲ. ಕದ್ದದ್ದನ್ನು ಕ್ಷಮಿಸಬಹುದಿತ್ತು. ಕಲ್ಲು ಕಂಡರೆ ಕೈ ತಡೆಯುವುದು ಎಷ್ಟು ಕಷ್ಟ ಎಂದು ನನಗೂ ಗೊತ್ತು. ಆದರೆ ಚಳಿಯಲ್ಲಿ ನಡುಗುತ್ತಾ ನಾವಿಬ್ಬರೂ ಒಂದೇ ಮುಚ್ಚಳದಲ್ಲಿ ಚಹಾ ಕುಡಿದ ಬೆಳಗುಗಳೆಲ್ಲ ನನ್ನ ಬದುಕಿನ ಒಳ್ಳೆಯ ಬೆಳಗುಗಳಾಗಿದ್ದವು. ಈಗ ಅವು ಯಾವುದೂ ನನ್ನವಲ್ಲ.

ಮರ್ವಿನ್ ಎದೆಯ ಮೇಲಿದ್ದ, ಸುತ್ತಿಗೆ ಗುರುತಿನ ಸಂಘದ ಬ್ಯಾಡ್ಜು ಬಿಚ್ಚಿ ಸ್ಟಿಕ್ಲೆಂಡನ ಮುಂದಿಟ್ಟ. ಹೊರಹಾಕಲು ಇಬ್ಬರ ಕೈ ಏಳಬೇಕು. ಸ್ಟಿಕ್ಲೆಂಡ್ ನನ್ನ ಮುಖ ನೋಡಿದ. ನಾನು ಎತ್ತಿದೆ, ಅವನೂ ಎತ್ತಿದ. ಟ್ಯಾಮ್‌ಸಿನ್ನಳನ್ನು ಸೇರಿಸಿಕೊಳ್ಳಲು ಮತ್ತೆ ಎತ್ತಿದೆವು.

"ಮೈ ಮ್ಯೂಸಿಯಮ್ಮಿಗೆ ಕೊಡೋದಾದ್ರೆ ತಲೇನೂ ಜೊತೆಗೇ ಹೋಗ್ಲಿ" ಎಂದಳು ಅವಳು. "ಒಂದು ಪ್ರಾಣಿ ಒಂದೇ ಕಡೆ ಇರ್ಬೇಕು ಅಂತ ನೀವೇ ಬರೆದಿದ್ದೀರಲ್ಲ." ಹೊಸಬಳಿಗೆ ಇದ್ದ ನಿಯಮದ ನೆನಪು ಬರೆಸಿದವನಿಗೆ ಇರಲಿಲ್ಲ. ಅವಳು ಖಾಲಿ ಚೀಟಿ ಮುಂದೆ ಚಾಚಿದಳು. "ಇದನ್ನ ಹೇಗೆ ತುಂಬಲಿ?"

ಚೀಟಿಯನ್ನು ನಾನೇ ತೆಗೆದುಕೊಂಡೆ. ಮೊದಲು ಕಂಡವರ ಹೆಸರು. ನನ್ನದೇ ಹಟದ ಸಾಲು. ಅವನ ಹೆಸರು ಬಿಟ್ಟು ಬರೆಯಲು ಕೈ ತುರಿಸಿತು, ಸುಳ್ಳು ಹೇಳುವುದಿಲ್ಲ. ಬಿಟ್ಟರೆ ನಮ್ಮಜ್ಜನ ಹೆಸರು ಬಿಟ್ಟವರಿಗೂ ನನಗೂ ಏನು ವ್ಯತ್ಯಾಸ? ಬರೆದೆ: ತಲೆ, ಮರ್ವಿನ್ ಗಾಲಪ್. ಸ್ಥಳ, ಹ್ಯಾಲ್ಕಂಬ್. ಸಿಕ್ಕ ಬಗೆ, ಗುಡ್ಡದಿಂದ ಅಗೆದದ್ದು, ಅನುಮತಿ ಇಲ್ಲದೆ. ಮ್ಯೂಸಿಯಮ್ಮಿನ ಗಾಜಿನ ಮೇಲೆ ನನ್ನ ಹೆಸರಿನ ಪಕ್ಕದಲ್ಲಿ ಇನ್ನು ಇದು ಇರುತ್ತದೆ, ನಾವಿಬ್ಬರೂ ಹೋದ ಮೇಲೂ.

"ಯಾವತ್ತು?" ಎಂದೆ, ತಲೆ ಎತ್ತದೆ.

"ಫೆಬ್ರವರಿ ಆರು."

ಪೆನ್ನು ನಿಂತಿತು. ಫೆಬ್ರವರಿ ಆರು ನನ್ನ ಹುಟ್ಟುಹಬ್ಬ. ಆ ವರ್ಷ ಅವನು ಒಂದು ಗಂಟೆ ತಡವಾಗಿ ಬಂದಿದ್ದ, ಕೇಕಿನ ಡಬ್ಬ ಹಿಡಿದು, ಉಗುರುಗಳ ತುಂಬ ನೀಲಿ ಜೇಡಿ. ಇವತ್ತಾದರೂ ದಡ ಬಿಟ್ಟಿರಬಾರದೇನೋ ಎಂದು ಬೈದಿದ್ದೆ. ತಣ್ಣೀರಿಗೆ ಅದು ಬಿಡುವುದಿಲ್ಲವೆಂದು ಬಿಸಿನೀರು ಕಾಯಿಸಿ, ಬ್ರಷ್ಷು ಹುಡುಕಿ ತಂದು, ಅವನ ಹತ್ತು ಬೆರಳನ್ನೂ ಹಿಡಿದು ತಿಕ್ಕಿ ತೊಳೆದಿದ್ದವಳು ನಾನೇ.