ಬೀಗದ ಕೈ ಗೊಂಚಲು

ನಿವೃತ್ತ ಮೇಷ್ಟ್ರು ತಮ್ಮ ಹಳೆಯ ಸ್ಟೀರಿಯೋ ಸೆಟ್ಟನ್ನು ಮತ್ತೆ ಹೊತ್ತು ತಂದು ನನ್ನ ರಿಪೇರಿ ಮೇಜಿನ ಮೇಲೆ ಕುಕ್ಕಿದರು. "ಕಿವಿ ಕೊರೆಯುತ್ತಪ್ಪ. ಹಾಡು ಕೇಳೋಕೆ ಕೂತ್ರೆ ಹಲ್ಲು ಜುಮ್ಮನ್ನುತ್ತೆ" ಎಂದು ಹೇಳಿ ಹೋದರು. ಒಂದೇ ವಾರದಲ್ಲಿ ಈ ದೂರು ತಂದವರಲ್ಲಿ ಇವರು ಮೂರನೆಯವರು.

ನನಗೆ ಮೈಯೆಲ್ಲ ಉರಿಯಿತು. ಸೆಟ್ಟುಗಳಿಗೂ ವಯಸ್ಸಾಗುತ್ತದೆಂದು ನನಗೆ ಗೊತ್ತಿಲ್ಲವೇ? ಸ್ಪೀಕರಿನ ಅಂಚಿನ ಸ್ಪಂಜು ಮುಟ್ಟಿದರೆ ಪುಡಿಯಾಗುತ್ತದೆ, ಒಳಗಿನ ಕೆಪಾಸಿಟರ್ ಒಣಗುತ್ತದೆ, ಸಣ್ಣ, ಚೂಪಾದ ಸದ್ದುಗಳೇ ಮೊದಲು ಸಾಯುತ್ತವೆ. ಅದನ್ನೆಲ್ಲ ಬದಲಾಯಿಸಿ, ಒಳಗಿನ ತಿರುಪು ತಿರುಗಿಸಿ ಟ್ರೆಬಲ್, ಅಂದರೆ ಆ ಚೂಪು ಸದ್ದು, ಏರಿಸಿ ಕೊಟ್ಟಿದ್ದೆ. ಮೂವತ್ತು ವರ್ಷದಿಂದ ಮೀಟರು ಗೀಟರು ನಂಬಿದವನಲ್ಲ. ನನ್ನ ಕಿವಿಯೇ ನನ್ನ ಅಂಗಡಿ.

ಪರೀಕ್ಷೆಗೆಂದು ನನ್ನದೊಂದು ಕ್ಯಾಸೆಟ್ಟಿದೆ. ಅದರಲ್ಲಿರುವುದು ಹಾಡಲ್ಲ, ಬೀಗದ ಕೈ ಗೊಂಚಲಿನ ಸದ್ದು. ಅಂಗಡಿಯ ಹಿಂದೆಯೇ ನಮ್ಮ ಮನೆ. ಊಟದ ಹೊತ್ತಿಗೆ ಹೆಂಡತಿ ನಡುಬಾಗಿಲಲ್ಲಿ ನಿಂತು ಗೊಂಚಲು ಅಲ್ಲಾಡಿಸುತ್ತಾಳೆ, ಮುಚ್ಚಿ ಬನ್ನಿ ಅಂತ. ಮದುವೆಯಾದ ಹೊಸತರಲ್ಲಿ ಅವಳಿಗೆ ಗೊತ್ತಾಗದ ಹಾಗೆ ಅದನ್ನು ರೆಕಾರ್ಡು ಮಾಡಿಕೊಂಡಿದ್ದೆ. ಇತ್ತೀಚೆಗೆ ಮಹಾರಾಯಿತಿ ಕರೆಯುವುದನ್ನೇ ಬಿಟ್ಟಿದ್ದಾಳೆ. ನಾನೂ ಮುಖ ಊದಿಸಿಕೊಂಡೇ ಆರಿದ ಊಟ ತಿನ್ನುತ್ತೇನೆ.

ಕ್ಯಾಸೆಟ್ಟು ಹಾಕಿದೆ. ಬಟ್ಟೆ ಸುತ್ತಿಟ್ಟಂಥ ಸದ್ದು. ಕೆಪಾಸಿಟರ್ ಮತ್ತೆ ಬದಲಿಸಿದೆ. ಕೂತೆ, ಎದ್ದೆ, ತಂತಿ ಕಿತ್ತು ಬೆಸೆದೆ, ತಿರುಪನ್ನು ಕೊನೆಯವರೆಗೂ ತಿರುಗಿಸಿದೆ. ಊಹೂಂ. ಕ್ಯಾಸೆಟ್ಟೇ ಸವೆದಿರಬೇಕು, ನಿಜವಾದ ಗೊಂಚಲಿನ ಜೊತೆ ಹೋಲಿಸಿದರಾಯಿತು ಎಂದು ಟೇಪು ನಿಲ್ಲಿಸಿ ಸ್ವಲ್ಪ ಹೊತ್ತು ತಲೆ ಹಿಡಿದು ಕೂತೆ. ಆಮೇಲೆ ಕೂಗಿದೆ.

"ಏ, ಆ ಬೀಗದ ಕೈ ತಗೊಂಡು ಬಾರೇ!"

"ಯಾಕ್ರೀ ಕಿರುಚ್ತೀರಿ? ಇಲ್ಲೇ ಇದ್ದೀನಲ್ಲ" ಎಂದಳು ಬೆನ್ನ ಹಿಂದೆಯೇ.

ತಿರುಗಿದೆ. ಅವಳ ಕೈಯಲ್ಲಿ ಗೊಂಚಲು ಕುಣಿಯುತ್ತಿತ್ತು.

"ಎಷ್ಟೊತ್ತಾಯ್ತು ಬಂದು?"

"ನೀವು ಟೇಪು ನಿಲ್ಲಿಸಿದಾಗಿನಿಂದ ಅಲ್ಲಾಡಿಸ್ತಾನೇ ಇದ್ದೀನಿ. ದಿನಾ ಇದೇ ಆಯ್ತು. ನೀವು ತಿರುಗಿನೂ ನೋಡಲ್ಲ. ಏನೋ ಕೋಪ ಅಂದ್ಕೊಂಡು ನಾನೂ ಸುಮ್ನಾಗ್ತಿದ್ದೆ."

ಮಾತಾಡುತ್ತ ಅವಳು ಅಲ್ಲಾಡಿಸುತ್ತಲೇ ಇದ್ದಳು. ಮಾತು ಕೇಳಿತು, ಗೊಂಚಲು ಕೇಳಲಿಲ್ಲ. ನನಗೆ ಹೆದರಿಕೆಯಾಯಿತು. ಇನ್ನು ಯಾವ ಮುಖ ಇಟ್ಟುಕೊಂಡು ಅಂಗಡಿ ತೆರೆಯಲಿ?

ಅವಳು ನನ್ನ ಮುಖವನ್ನೇ ನೋಡಿದಳು. ಅವಳ ಕೈ ನಿಂತಿತು. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡಳು.

"ಹಾಕಿ ಅದನ್ನ."

ಹಾಕಿದೆ. "ಅಯ್ಯಪ್ಪಾ, ಸೂಜಿ ಚುಚ್ಚಿದ ಹಾಗಿದೆ! ಯಾವ ಕಡೆ ತಿರುಗಿಸ್ಬೇಕು?"

ತೋರಿಸಿದೆ. ಅವಳು ತಿರುಗಿಸುತ್ತ ಹೋದ ಹಾಗೆ ನನ್ನ ಪಾಲಿಗೆ ಸದ್ದು ಇನ್ನಷ್ಟು ಮಂಕಾಗಿ, ಕೊನೆಗೆ ಏನೂ ಉಳಿಯಲಿಲ್ಲ. ಸಾಕು ಎನ್ನಲು ಬಾಯಿ ತೆರೆದು ತಡೆದುಕೊಂಡೆ. ಅವಳ ಕೈ ಒಂದು ಕಡೆ ನಿಂತಿತು. ಕಿವಿಗೊಟ್ಟು ಕೇಳಿದಳು.

"ರೀ, ಇದು ನಾನು ಕರೆಯೋದಲ್ವಾ?"

"ಹೌದು" ಎಂದೆ, ಏನೂ ಕೇಳಿಸದೆ.